‘ಹೈದರಾಬಾದ್ ಪಾಸಿಂಗ್, ಫ್ಯಾಮಿಲಿ ಗಾಡಿ’ ಅಂತ ಎರ್ಟಿಗಾ ತೋರಿಸಿದರೆ ಟೋಕನ್ ಅಡ್ವಾನ್ಸ್ ಕೊಡುವ ಮೊದಲು ಇದನ್ನ ಓದಿ

ಕಲಬುರಗಿ ರಿಂಗ್ ರೋಡ್ ಕಡೆಯ ಒಂದು ಹಳೇ ಗಾಡಿ ಯಾರ್ಡ್‌ನವರು ನಮ್ಮ ಕಾಕಾನ ತಲೆಗೆ ಕಟ್ಟಿದ ಗಾಡಿಯ ಹಕೀಕತ್ತು ಇದು. 2018ರ ಎರ್ಟಿಗಾ ಡೀಸೆಲ್, ಟಿಎಸ್ ನಂಬರ್ (ತೆಲಂಗಾಣ ನೋಂದಣಿ, ಅದಕ್ಕೇ ‘ಹೈದರಾಬಾದ್ ಪಾಸಿಂಗ್’ ಅನ್ನೋದು), ಸ್ವಂತ ಗಾಡಿಯ ಬಿಳಿ ಬೋರ್ಡ್, ಮೀಟರಿನಲ್ಲಿ 61 ಸಾವಿರ ಚಿಲ್ಲರೆ ಕಿಲೋಮೀಟರ್. ಹೇಳಿದ್ದು 6.90 ಲಕ್ಷ, ಮುಗಿದದ್ದು 6.60 ಲಕ್ಷಕ್ಕೆ. ತೊಗರಿ ಮಾರಿದ ದುಡ್ಡು, ಒಂದೇ ಕಂತಿನಲ್ಲಿ ಎಣಿಸಿ ಕೊಟ್ಟದ್ದು. ನಿಜವಾಗಿ ಆ ಗಾಡಿ ಓಡಿದ್ದು 1,87,000ಕ್ಕೂ ಮೇಲೆ, ಅದೂ ಹೈದರಾಬಾದಿನಲ್ಲಿ ಹಳದಿ ಬೋರ್ಡ್ ಹಾಕಿಕೊಂಡು ಟ್ಯಾಕ್ಸಿಯಾಗಿ.

ಗೊತ್ತಾಗಿದ್ದು ಕಂಪನಿ ವರ್ಕ್‌ಶಾಪಿನಲ್ಲಿ. ಸರ್ವಿಸ್ ಅಡ್ವೈಸರ್ ಗಾಡಿ ನಂಬರ್ ಹೊಡೆದ, ಸ್ಕ್ರೀನ್ ನೋಡಿದ, ಹೊರಗೆ ಹೋಗಿ ಮೀಟರ್ ನೋಡಿ ಬಂದ. “ಕಾಕಾ, ಈ ಗಾಡಿ ಎರಡ್ ವರ್ಷದ ಹಿಂದನೇ 1,87,400ಕ್ಕ ಸರ್ವಿಸಿಗಿ ಬಂದದ. ಈಗ ಅರವತ್ತೊಂದು ಹ್ಯಾಂಗ ಆಯ್ತು?” ಅಂತ ನಾಲ್ಕು ಜನರೆದುರು ಕೇಳಿದ. ಕಾಕಾ ಏನು ಹೇಳಬೇಕು? ಶರಣಬಸವೇಶ್ವರ ಗುಡಿ ಮುಂದೆ ಪೂಜೆ ಮಾಡಿಸಿ ಓಣಿಗೆಲ್ಲ ಪೇಢಾ ಹಂಚಿದ ಮನುಷ್ಯ.

ಯಾರ್ಡ್‌ಗೆ ಫೋನ್ ಮಾಡಿದರೆ ಬಂದ ಉತ್ತರ ಕೇಳಿ: “ಸರಾ, ಮೀಟರಿಗಿ ಯಾರ್ ಗ್ಯಾರಂಟಿ ಕೊಡ್ತಾರ್ರೀ? ನಾವು ಗಾಡಿ ಮಾರ್ತೀವಿ, ಮೀಟರ್ ಮಾರಂಗಿಲ್ಲ.” ಅಲ್ರೀ, 6.60 ಕೇಳಿದ್ದು ಯಾವ ಲೆಕ್ಕದ ಮೇಲೆ? ಅದೇ ಮೀಟರ್ ತೋರಿಸಿ ತಾನೇ? ಟ್ಯಾಕ್ಸಿ ಅಂತ ಯಾಕೆ ಹೇಳಲಿಲ್ಲ ಅಂದರೆ, “ದಿನಾ ಓಡಿದ ಗಾಡಿನೇ ಚಲೋ ಇರ್ತದ್ರಿ, ನಿಂತ ಗಾಡಿ ಕೆಡ್ತದ.” ಆಮೇಲೆ, “ಕಾಕಾ ಓಡಿಸಿ ನೋಡ್ಯಾರ, ಸೈನ್ ಮಾಡ್ಯಾರ.” ಸೈನ್ ಮಾಡಿಸಿದ ರಸೀದಿಯಲ್ಲಿ ‘ಇದ್ದ ಸ್ಥಿತಿಯಲ್ಲಿ ಮಾರಾಟ’ ಅಂತ ಒಂದು ಸಾಲು. ಕಿಲೋಮೀಟರ್ ಎಷ್ಟು ಅಂತ ಎಲ್ಲೂ ಇಲ್ಲ. ಬೇಕಂತಲೇ ಇಲ್ಲ.

ಆರ್‌ಸಿ ನಕಲಿ ಅಲ್ಲ, ಅದನ್ನ ಸ್ಪಷ್ಟ ಹೇಳಿಬಿಡ್ತೀನಿ. ಪರ್ಮಿಟ್ ಸರೆಂಡರ್ ಮಾಡಿ, ಟ್ಯಾಕ್ಸ್ ವ್ಯತ್ಯಾಸ ಕಟ್ಟಿ, ಮೋಟಾರ್ ಕ್ಯಾಬ್ (ಟ್ಯಾಕ್ಸಿ) ಇದ್ದದ್ದನ್ನ ಮೋಟಾರ್ ಕಾರ್ (ಸ್ವಂತ ಗಾಡಿ) ಮಾಡಿಸೋದು ಕಾನೂನಿನಲ್ಲೇ ಇದೆ. ಹಾಗೆ ಮಾಡಿಸಿದ ಮೇಲೆ ಹೊಸ ಆರ್‌ಸಿಯಲ್ಲಿ ಹಳೇ ಕಸುಬು ಕಾಣಲ್ಲ. ಮೋಸ ಇರೋದು ಮುಚ್ಚಿಟ್ಟಿದ್ದರಲ್ಲಿ, ಮೀಟರ್ ತಿರುಗಿಸಿದ್ದರಲ್ಲಿ. ಇನ್ನೊಂದು ಅನುಕೂಲ ಇವರಿಗೆ ಏನಂದರೆ, ತೆಲಂಗಾಣ ಬಹುಕಾಲ ಗಾಡಿ ನೋಂದಣಿಯ ವಿವರ ಇಡುವ ಕೇಂದ್ರದ ‘ವಾಹನ್’ ವ್ಯವಸ್ಥೆಗೆ ಸೇರದೆ ತನ್ನದೇ ಬೇರೆ ವ್ಯವಸ್ಥೆ ಇಟ್ಟುಕೊಂಡಿತ್ತು. ನಮ್ಮ ಕಲಬುರಗಿಯ ಕೆಎ 32 ನಂಬರ್ ಹೊಡೆದಾಗ ಬರುವಷ್ಟು ವಿವರ ಆ ಕಡೆಯ ಹಳೇ ಗಾಡಿಗೆ ಆ್ಯಪ್‌ನಲ್ಲಿ ಸಿಗುತ್ತೆ ಅಂತ ನಂಬಬೇಡಿ. ತೆಲಂಗಾಣದ ಜಹೀರಾಬಾದ್ ದಾಟಿದರೆ ನಮ್ಮ ಹುಮನಾಬಾದ್. ಹಾಗಾಗಿ ಬೀದರ್, ಕಲಬುರಗಿ ಯಾರ್ಡ್‌ಗಳಿಗೆ ಆ ಮಾಲು ಸಲೀಸಾಗಿ ಬರ್ತದೆ.

ಎರ್ಟಿಗಾನೇ ಯಾಕೆ? ಮಾರುತಿ 2020ರ ಏಪ್ರಿಲ್‌ಗೆ ಬಿಎಸ್ 6 ಹೊಗೆ ನಿಯಮ ಬಂದಾಗ ಡೀಸೆಲ್ ನಿಲ್ಲಿಸಿತು. ಆ 1.3 ಎಂಜಿನ್ ಇನ್ನು ಹೊಸದು ಸಿಗಲ್ಲ, ಏಳು ಸೀಟು, ಮೈಲೇಜು ಬೇರೆ. ಗಾಣಗಾಪುರಕ್ಕೋ ಪಂಢರಪುರಕ್ಕೋ ಮನೆಮಂದಿಯೆಲ್ಲ ಹೋಗೋರಿಗೆ ಇದೇ ಬೇಕು. ಕಡಿಮೆ ಓಡಿದ ಗಾಡಿಗೆ ಜನ ಒಂದೂವರೆ ಲಕ್ಷ ಹೆಚ್ಚು ಕೊಡ್ತಾರೆ. ಆ ಒಂದೂವರೆ ಲಕ್ಷಕ್ಕೇ ಮೀಟರ್ ಹಿಂದೆ ಹೋಗೋದು. ಲ್ಯಾಪ್‌ಟಾಪ್ ಹಚ್ಚಿ ಕ್ಲಸ್ಟರಿನ (ಮೀಟರ್ ಇರುವ ಫಲಕದ) ಮೆಮರಿ ಬದಲಿಸೋದು ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ. ಡಿಜೈರ್‌ನಲ್ಲಾದರೆ ಸುಳಿವು ಸುಲಭ: ಹೊಸ ಬಾಡಿ 2017ರ ಮೇ ತಿಂಗಳಲ್ಲಿ ಬಂತು, ಹಳೇ ಬಾಡಿ ಮುಂದುವರಿದದ್ದು ಟ್ಯಾಕ್ಸಿಗಾಗಿ ಮಾಡಿದ ಟೂರ್ ಹೆಸರಲ್ಲಿ. 2018, 2019ರ ಆರ್‌ಸಿ, ಹಳೇ ಬಾಡಿ ಅಂದರೆ ಮಾತೇ ಬೇಡ, ಎದ್ದು ಬನ್ನಿ. ಎರ್ಟಿಗಾದಲ್ಲಿ ಹಾಗೆ ಹೊರಗಿನಿಂದ ಗೊತ್ತಾಗಲ್ಲ.

ಆದರೆ ಗಾಡಿಯ ಮೈ ಸುಳ್ಳು ಹೇಳಲ್ಲ. ಟ್ಯಾಕ್ಸಿಯಲ್ಲಿ ಗಿರಾಕಿ ಹತ್ತಿ ಇಳಿಯೋದು ಎಡಗಡೆ ಹಿಂದಿನ ಬಾಗಿಲಿಂದ. ಆ ಬಾಗಿಲಿನ ಹಿಡಿಕೆ, ಕೆಳಗಿನ ಪಟ್ಟಿಯ ಗೀರು, ರಬ್ಬರ್ ಬೀಡಿಂಗ್ ನೋಡಿ, ಬಲಗಡೆಯದಕ್ಕೆ ಹೋಲಿಸಿ. ಮೂರನೇ ಸಾಲಿಗೆ ಹೋಗಲು ಮಧ್ಯದ ಸೀಟು ಸರಿಸುವ ಎಡಗಡೆ ಲಿವರ್ ಸಡಿಲಾಗಿ ಅಲ್ಲಾಡುತ್ತೆ. ಕಾಕಾನ ಗಾಡಿಯಲ್ಲಿ ಸೀಟ್ ಕವರ್ ಹೊಸದು, ಸ್ಟಿಯರಿಂಗ್ ಕವರ್ ಹೊಸದು, ಪೆಡಲ್ ರಬ್ಬರ್ ಕೂಡ ಹೊಸದು! 61 ಸಾವಿರ ಓಡಿದ ಗಾಡಿಗೆ ಕ್ಲಚ್ ಪೆಡಲಿನ ರಬ್ಬರ್ ಯಾರು ಬದಲಿಸ್ತಾರೆ? ಆ್ಯಕ್ಸಿಲರೇಟರ್ ಪೆಡಲಿನ ಮೇಲ್ಗಡೆ ಟಾರ್ಚ್ ಬಿಟ್ಟರೆ ಸೆನ್ಸರ್ ವೈರ್ ಕತ್ತರಿಸಿ ಕರಿ ಟೇಪ್ ಸುತ್ತಿದ್ದು ಕಂಡಿತು. ಹಳದಿ ಬೋರ್ಡಿನ ಗಾಡಿ 80 ಕಿ.ಮೀ. ವೇಗ ದಾಟದಂತೆ ಹಾಕುವ ಸ್ಪೀಡ್ ಗವರ್ನರ್ ಕೂರಿಸೋದೇ ಅಲ್ಲಿ. ಮನೆ ಗಾಡಿಗೆ ಆ ಟೇಪ್ ಬರೋಕೆ ಕಾರಣವೇ ಇಲ್ಲ. ಸ್ಟೆಪ್ನಿ ಸೇರಿ ಐದೂ ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, 2318 ಅಂದರೆ 2018ರ 23ನೇ ವಾರ ತಯಾರಾದದ್ದು. ಇಲ್ಲಿ ಆ ಅಂಕಿ ನೋಡಿದರೆ ಸ್ಟೆಪ್ನಿಯೂ ಗಾಡಿ ಜೊತೆ ಬಂದದ್ದಲ್ಲ.

ಎಂಜಿನ್ ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿಸಿ. ಬಾನೆಟ್ ಮುಟ್ಟಿ, ಬಿಸಿ ಇದ್ದರೆ ನೀವು ಬರುವ ಮೊದಲೇ ಓಡಿಸಿ ಇಟ್ಟಿದ್ದಾರೆ. ಈ ಎಂಜಿನ್‌ಗೆ ಟೈಮಿಂಗ್ ಚೈನ್ ಇದೆ. ಸವೆದ ಚೈನಿನ ಗಲಗಲ ತಣ್ಣಗಿದ್ದಾಗ ಮೊದಲ ಕೆಲವು ಸೆಕೆಂಡು ಕೇಳಿ ಆಮೇಲೆ ಅಡಗುತ್ತೆ. ಗಾಡಿ ನಿಂತಲ್ಲೇ ಎಂಜಿನ್ ಚಾಲೂ ಇಟ್ಟು ಆಯಿಲ್ ಕ್ಯಾಪ್ ತೆಗೆದಾಗ ಹೊಗೆ ಬುಸುಗುಟ್ಟಿದರೆ ಪಿಸ್ಟನ್ ರಿಂಗ್ ಸವೆದಿರಬಹುದು.

ಇದೆಲ್ಲ ಬರದಿದ್ದರೆ ಎರಡೇ ಮಾಡಿ. ಟೋಕನ್ ಕೊಡುವ ಮೊದಲು ಕಂಪನಿ ವರ್ಕ್‌ಶಾಪಿನಲ್ಲಿ ನಂಬರ್ ಕೊಟ್ಟು ಸರ್ವಿಸ್ ಹಿಸ್ಟರಿ ಕೇಳಿ. “ಹೊರಗ ಸರ್ವಿಸ್ ಮಾಡ್ಸ್ಯಾರ್ರಿ” ಅಂದರೆ ಹಳೇ ಇನ್ಶೂರೆನ್ಸ್ ಪಾಲಿಸಿಗಳ ಪ್ರತಿ ಕೇಳಿ. ಈಗಿನದ್ದಲ್ಲ, ಮೂರು ನಾಲ್ಕು ವರ್ಷ ಹಿಂದಿನವು. ಅದರಲ್ಲಿ ‘ಪ್ರೈವೇಟ್ ಕಾರ್’ ಇರಬೇಕು. ‘ಪ್ಯಾಸೆಂಜರ್ ಕ್ಯಾರಿಯಿಂಗ್’ ಅಂತ ಇದ್ದರೆ ಅದು ಬಾಡಿಗೆಗೆ ಓಡಿದ್ದು.

ಟ್ಯಾಕ್ಸ್ ವಿಷಯ ಬೇರೆ. “ಎನ್‌ಒಸಿ ನಾವ್ ಕೊಡ್ತೀವಿ, ಇಲ್ಲಿ ಪಾಸಿಂಗ್ ಸಣ್ಣ ಖರ್ಚ್ರಿ” ಅಂದಿದ್ದ ಯಾರ್ಡ್‌ನವ. ಸಣ್ಣ ಖರ್ಚು! ಕರ್ನಾಟಕದ ಲೈಫ್ ಟ್ಯಾಕ್ಸ್ ಲೆಕ್ಕ ನೀವು ಕೊಟ್ಟ ಬೆಲೆ ಮೇಲಲ್ಲ, ಗಾಡಿ ಹೊಸದಿದ್ದಾಗಿನ ಬೆಲೆ ಮೇಲೆ. ವಯಸ್ಸಿಗೆ ತಕ್ಕ ಕಡಿತ ಕಳೆದರೂ ಇದಕ್ಕೆ ಮುಕ್ಕಾಲು ಲಕ್ಷ ದಾಟುತ್ತೆ. ಎನ್‌ಒಸಿ ಅಂದರೆ ಹಳೇ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ, ಫಾರಂ 28. ಅದರಲ್ಲಿ ಯಾವ ಆರ್‌ಟಿಒಗೆ ಅಂತ ಬರೆದಿರುತ್ತೆ, ನಿಮ್ಮದೇ ಇರಬೇಕು. ಲೋನ್ ಇದ್ದ ಗಾಡಿಯಾದರೆ ಸಾಲ ತೀರಿದೆ ಅನ್ನುವ ಬ್ಯಾಂಕಿನ ಪತ್ರ, ಫಾರಂ 35 ಮೊದಲು. ಹೈದರಾಬಾದ್ ಚಲನ್‌ಗಳನ್ನ ತೆಲಂಗಾಣ ಪೊಲೀಸರ ಸೈಟಿನಲ್ಲೇ ನೋಡಿ.

ನನ್ನ ಪ್ರಕಾರ ಈ ಗಾಡಿಗೆ, ಟ್ಯಾಕ್ಸಿ ಅಂತ ನೇರವಾಗಿ ಹೇಳಿ ಮಾರಿದ್ದರೂ, 4.50 ಮೇಲೆ ಒಂದು ರೂಪಾಯಿ ಕೊಡಬಾರದು. ಅದರಲ್ಲೂ ಟ್ಯಾಕ್ಸ್ ಕಳೆದು ಮಾತಾಡಬೇಕು. ಯಾರ್ಡ್‌ನವರು ಈಗ “ವಾಪಸ್ ತಗೋತೀವ್ರಿ, 5 ಕೊಡ್ತೀವಿ” ಅಂತಿದ್ದಾರೆ. ಅದೇ ಗಾಡಿ, ಅದೇ ಮೀಟರ್, ಮುಂದಿನ ಗಿರಾಕಿಗೆ ಮತ್ತೆ 6.90.

1 ಏಪ್ರಿಲ್ 2023ರಿಂದ ಹಳೇ ಗಾಡಿ ಡೀಲರ್‌ಗೆ ಆರ್‌ಟಿಒ ಅಧಿಕಾರಪತ್ರ ಇರಬೇಕು ಅಂತ ನಿಯಮ ಇದೆ, ತೋರಿಸಿ ಅಂದೆ. “ಅದೆಲ್ಲ ಬೆಂಗಳೂರ್ ಕಡಿ ಇರ್ತದ್ರಿ” ಅಂದ. ಗ್ರಾಹಕರ ಆಯೋಗಕ್ಕೆ ಹೋಗ್ತೀವಿ ಅಂದದ್ದಕ್ಕೆ, “ಹೋಗ್ರಿ, ವಕೀಲರ ಫೀಸಿನಾಗ ಇನ್ನೊಂದ್ ಗಾಡಿ ಬರ್ತದ.” ವಕೀಲರು ಕಡ್ಡಾಯ ಅಲ್ಲ. 5ರಿಂದ 10 ಲಕ್ಷದೊಳಗಿನ ವ್ಯವಹಾರಕ್ಕೆ ಜಿಲ್ಲಾ ಆಯೋಗದ ಶುಲ್ಕ 200 ರೂಪಾಯಿ, ಎರಡು ವರ್ಷದೊಳಗೆ ದೂರು ಹಾಕಬೇಕು. ವರ್ಕ್‌ಶಾಪಿನ ಹಿಸ್ಟರಿ ಪ್ರಿಂಟ್, ಮೀಟರ್ ಫೋಟೊ, ಅವರು ವಾಟ್ಸಾಪಿನಲ್ಲಿ ಕಳಿಸಿದ ‘61ಕೆ ಓನ್ಲಿ, ಫ್ಯಾಮಿಲಿ ಯೂಸ್ಡ್’ ಜಾಹೀರಾತು, ಮೂರನ್ನೂ ತೆಗೆದಿಟ್ಟಾಗಿದೆ. ಅವರು ಆ ಮೆಸೇಜು ಆಮೇಲೆ ಡಿಲೀಟ್ ಮಾಡಿದರು. ಅಷ್ಟರಲ್ಲಿ ಸ್ಕ್ರೀನ್‌ಶಾಟ್ ತೆಗೆದಾಗಿತ್ತು.