ನೀರಿನ ಬಿಲ್ಲಿನಲ್ಲಿ ಅಡಗಿರುವ ಸ್ಯಾನಿಟರಿ ಶುಲ್ಕ: ಬೆಂಗಳೂರಿನ ಒಳಚರಂಡಿ ಸೇವೆಯ ದೀರ್ಘಕಾಲದ ಬಳಕೆದಾರರ ವಿಮರ್ಶೆ

ಬೆಂಗಳೂರಿನಲ್ಲಿ ಕೊಳಚೆ ನೀರಿಗೆ ಅಂತ ಬೇರೆ ಬಿಲ್ ಬರುವುದಿಲ್ಲ. ಜಲಮಂಡಳಿಯ ನೀರಿನ ಬಿಲ್ಲಿನಲ್ಲೇ ನೀರಿನ ದರ, ಮೀಟರ್ ಶುಲ್ಕದ ಪಕ್ಕದಲ್ಲಿ ‘ಸ್ಯಾನಿಟರಿ’ ಅಂತ ಒಂದು ಸಾಲು ಇರುತ್ತದೆ. ಹೆಚ್ಚಿನವರು ಕೆಳಗಿನ ಒಟ್ಟು ಮೊತ್ತವನ್ನಷ್ಟೇ ನೋಡಿ ಫೋನಿನಲ್ಲಿ ಕಟ್ಟಿಬಿಡುತ್ತಾರೆ. ಬಚ್ಚಲು, ಕಕ್ಕಸು, ಅಡುಗೆಮನೆ ಸಿಂಕಿನ ನೀರು ಮನೆಯಿಂದ ಹೊರಟು ರಸ್ತೆಯಡಿಯ ಯುಜಿಡಿ (ಒಳಚರಂಡಿ) ಪೈಪ್ ಸೇರಿ, ಪಂಪಿಂಗ್ ಸ್ಟೇಷನ್ ದಾಟಿ, ಎಸ್‌ಟಿಪಿಯಲ್ಲಿ (ಕೊಳಚೆ ನೀರು ಶುದ್ಧೀಕರಣ ಘಟಕ) ಶುದ್ಧವಾಗುವವರೆಗಿನ ಸೇವೆಗೆ ಮನೆಯವರು ಕೊಡುವ ತಿಂಗಳ ಶುಲ್ಕ ಆ ಒಂದೇ ಸಾಲು. ಅದನ್ನು ಹೇಗೆ ಲೆಕ್ಕ ಹಾಕುತ್ತಾರೆ, ಎಲ್ಲಿ ತಪ್ಪುತ್ತದೆ, ಕಟ್ಟುವವರ ಕೈಯಲ್ಲಿ ಏನಿದೆ ಅನ್ನುವುದಷ್ಟೇ ಈ ವಿಮರ್ಶೆ.

ಮೊದಲು ಲೆಕ್ಕ. 2014ರ ನವೆಂಬರಿನಲ್ಲಿ ಬಂದ ದರಪಟ್ಟಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಲೆಕ್ಕದ ಬಗೆ ತಿಳಿಯಲು ಅದನ್ನೇ ಹಿಡಿದರೆ ಸುಲಭ. ಗೃಹಬಳಕೆಗೆ ಮೊದಲ 8 ಸಾವಿರ ಲೀಟರ್‌ಗೆ, ಸಾವಿರಕ್ಕೆ 7 ರೂಪಾಯಿ. ಅಲ್ಲಿಂದ 25 ಸಾವಿರದವರೆಗೆ 11, ನಂತರ 50 ಸಾವಿರದವರೆಗೆ 26, ಅದರ ಮೇಲೆ 45. ಕನಿಷ್ಠ ನೀರಿನ ಮೊತ್ತ 56 ರೂಪಾಯಿ, ಅದಕ್ಕೆ ಸ್ಯಾನಿಟರಿ 14. ಬಳಕೆ 8 ಸಾವಿರ ದಾಟಿದರೆ ಸ್ಯಾನಿಟರಿ ನೀರಿನ ಮೊತ್ತದ ಶೇ 25. ಆ 14 ಕೂಡ 56ರ ಕಾಲು ಭಾಗವೇ. ಅಂದರೆ ನಿಯಮ ಒಂದೇ: ನೀರಿಗೆ ಎಷ್ಟೋ, ಅದರ ಕಾಲು ಭಾಗ ಕೊಳಚೆಗೆ.

ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ 20 ಸಾವಿರ ಲೀಟರ್ ಬಳಸಿದರು ಅನ್ನಿ. 8ಕ್ಕೆ 56, ಉಳಿದ 12ಕ್ಕೆ 132, ಒಟ್ಟು 188. ಸ್ಯಾನಿಟರಿ 47. ಸಾವಿರ ಲೀಟರ್‌ಗೆ 2 ರೂಪಾಯಿ 35 ಪೈಸೆ ಬಿತ್ತು. ಕನಿಷ್ಠ ಬಿಲ್ಲಿನವರಿಗೆ 8 ಸಾವಿರ ಬಳಸಿದರೂ ಸಾವಿರ ಲೀಟರ್‌ಗೆ 1 ರೂಪಾಯಿ 75 ಪೈಸೆ. ಸಾವಿರ ಲೀಟರ್ ಕೊಳಚೆ ಶುದ್ಧ ಮಾಡಲು ಗಾಳಿ ಊದುವ ಬ್ಲೋವರ್, ಪಂಪುಗಳಿಗೇ ಸುಮಾರು ಅರ್ಧ ಯೂನಿಟ್ ಕರೆಂಟ್ ಬೇಕಾಗುತ್ತದೆ. ಆ ಕರೆಂಟಿನ ಬೆಲೆಯೇ ಈ ಮೊತ್ತ ಮೀರುತ್ತದೆ. ಪೈಪ್, ಸಂಬಳ, ಕೆಸರು ಸಾಗಣೆ ಎಲ್ಲ ಇನ್ನೂ ಹೊರಗೇ ಉಳಿಯಿತು. ಬೆಲೆಗೆ ಹೋಲಿಸಿದರೆ ಇದು ನಿಜಕ್ಕೂ ಅಗ್ಗದ ಸೇವೆ. ಒಳ್ಳೆಯ ಅಂಕ ಮೊದಲು ಅದಕ್ಕೇ ಸಲ್ಲಬೇಕು.

2025ರ ಏಪ್ರಿಲ್‌ನಿಂದ ನೀರಿನ ದರ ಏರಿದೆ. ಗೃಹಬಳಕೆಯಲ್ಲಿ ಸ್ಲ್ಯಾಬ್ (ಬಳಕೆಯ ಹಂತ) ನೋಡಿಕೊಂಡು ಲೀಟರ್‌ಗೆ 0.15 ಪೈಸೆಯಿಂದ 1 ಪೈಸೆಯವರೆಗೆ ಹೆಚ್ಚಳ. ಅದರ ಮೇಲೆ ಪ್ರತಿ ವರ್ಷ ಏಪ್ರಿಲ್ 1ಕ್ಕೆ ಶೇ 3 ಏರಿಕೆಯ ತೀರ್ಮಾನವೂ ಆಗಿದೆ. ಹತ್ತು ವರ್ಷ ಸುಮ್ಮನಿದ್ದು ಒಮ್ಮೆಲೇ ಏರಿಸುವುದಕ್ಕಿಂತ ವರ್ಷಕ್ಕಿಷ್ಟು ಅನ್ನುವುದು ಮನೆಖರ್ಚಿಗೂ ವಾಸಿ. ಬಿಲ್ ಬಂದಾಗ ಒಂದು ಭಾಗಾಕಾರ ಮಾಡಿ: ಸ್ಯಾನಿಟರಿ ಮೊತ್ತವನ್ನು ನೀರಿನ ಮೊತ್ತದಿಂದ ಭಾಗಿಸಿ, ಬಂದ ಉತ್ತರವನ್ನು ಹಳೆಯ ಬಿಲ್ಲುಗಳ ಉತ್ತರದ ಪಕ್ಕ ಇಡಿ. ಬಳಕೆ ಅಷ್ಟೇ ಇದ್ದು ಈ ಅನುಪಾತ ಮಾತ್ರ ಜಿಗಿದಿದ್ದರೆ ಬೇರೆ ಯಾವುದೋ ಮೊತ್ತ ಒಳಗೆ ಸೇರಿದೆ ಅಂತ ಅರ್ಥ. ಹೆಚ್ಚಿನ ಸಲ ಅದು ಬೋರ್‌ವೆಲ್ ಬಾಬ್ತು.

ಈ ಶುಲ್ಕದ ಮೂಲದೋಷ ಬೋರ್‌ವೆಲ್ಲಿನಲ್ಲೇ ಇದೆ. ಸ್ಯಾನಿಟರಿ ಲೆಕ್ಕ ನಿಂತಿರುವುದು ಮನೆಯೊಳಗೆ ಬಂದ ಕಾವೇರಿ ನೀರಿನ ಮೇಲೆ. ಮನೆಯಿಂದ ಹೊರಹೋದ ಕೊಳಚೆಯನ್ನು ಅಳೆಯುವವರು ಯಾರೂ ಇಲ್ಲ. ಬೋರ್‌ವೆಲ್ ಇರುವ ಮನೆಗೆ ತಿಂಗಳಿಗೆ ಇಂತಿಷ್ಟು ಅಂತ ನಿಗದಿತ ಮೊತ್ತ ಹಾಕುತ್ತಾರೆ. ದಿನಕ್ಕೆ ಐದು ನಿಮಿಷ ಮೋಟರ್ ಹಾಕಿದವರಿಗೂ ಐದು ಗಂಟೆ ಹಾಕಿದವರಿಗೂ ಅದೇ. ಟ್ಯಾಂಕರ್ ನೀರು ಯಾವ ಲೆಕ್ಕಕ್ಕೂ ಬರುವುದಿಲ್ಲ. 6 ಸಾವಿರ ಲೀಟರಿನ ಟ್ಯಾಂಕರ್ ವಾರಕ್ಕೆ ಎರಡು ಸಲ ಇಳಿಸಿಕೊಳ್ಳುವ ಕಟ್ಟಡಕ್ಕೆ ತಿಂಗಳಿಗೆ 50 ಸಾವಿರ ಲೀಟರ್ ಹತ್ತಿರ ನೀರು ಬಂದು, ಅದರ ಶೇ 80ರಷ್ಟು ಯುಜಿಡಿಗೆ ಸೇರುತ್ತದೆ. (ಒಳಚರಂಡಿ ವಿನ್ಯಾಸಕ್ಕೆ ಇಂಜಿನಿಯರುಗಳು ಹಿಡಿಯುವ ಪ್ರಮಾಣವೇ ಶೇ 80.) ಕಾವೇರಿ ಮೀಟರನ್ನೇ ನೆಚ್ಚಿಕೊಂಡ ಪಕ್ಕದ ಮನೆಯವರು ಪ್ರತಿ ಲೀಟರಿಗೂ ಕೊಡುತ್ತಾರೆ, ಟ್ಯಾಂಕರಿನವರು ಆ ನೀರಿಗೆ ಕೊಡುವುದಿಲ್ಲ. ಇಬ್ಬರ ಕೊಳಚೆಯೂ ಒಂದೇ ಪೈಪಿನಲ್ಲಿ ಹೋಗಿ ಒಂದೇ ಎಸ್‌ಟಿಪಿ ಸೇರುತ್ತದೆ. ಇದು ಸರಿಯಲ್ಲ, ಮತ್ತು ಸರಿ ಮಾಡಲಾಗದ ಸಂಗತಿಯೂ ಅಲ್ಲ: ಬೋರ್‌ವೆಲ್ ಪೈಪಿಗೂ ಒಂದು ಮೀಟರ್ ಕೂರಿಸಿದರೆ ಅರ್ಧ ಸಮಸ್ಯೆ ಬಗೆಹರಿಯುತ್ತದೆ.

ಬೋರ್‌ವೆಲ್ ಬತ್ತಿ ಹೋದ ಮನೆಗಳಿಗೆ ಒಂದು ಮಾತು. ಮೋಟರ್ ಎತ್ತಿಸಿ, ಕೇಸಿಂಗಿಗೆ ಮುಚ್ಚಳ ಹಾಕಿಸಿ, ಫೋಟೊ ತೆಗೆದು, ಜಲಮಂಡಳಿಯ ಉಪವಿಭಾಗದ ಕಚೇರಿಗೆ ಲಿಖಿತ ಅರ್ಜಿ ಕೊಡಿ. ಅರ್ಜಿಯ ನಕಲಿನ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳುವುದು ಮರೆಯಬೇಡಿ. ಅರ್ಜಿ ಇಲ್ಲದಿದ್ದರೆ ಬತ್ತಿದ ಬಾವಿಯ ಬಾಬ್ತು ಬಿಲ್ಲಿನಲ್ಲಿ ಬರುತ್ತಲೇ ಇರುತ್ತದೆ.

ಇನ್ನು ಮೀಟರ್. ಸ್ಯಾನಿಟರಿ ಅದರ ಬೆನ್ನಿಗೇ ಅಂಟಿಕೊಂಡಿರುವುದರಿಂದ ಮೀಟರಿನ ಪ್ರತಿ ತಪ್ಪಿಗೂ ಮೇಲೆ ಕಾಲು ಭಾಗ ದಂಡ ಕಟ್ಟಿದಂತೆ. ಎಲ್ಲ ನಲ್ಲಿ ನಿಲ್ಲಿಸಿ, ಸಂಪು ತುಂಬಿ ಬಾಲ್ ವಾಲ್ವ್ ಮುಚ್ಚಿದ ಮೇಲೆ ಮೀಟರಿನ ಮುಖ ನೋಡಿ. ಅಂಕಿಗಳ ಪಕ್ಕ ನಕ್ಷತ್ರದ ಆಕಾರದ ಪುಟ್ಟ ಚಕ್ರ ಇರುತ್ತದೆ. ನೀರು ಬಿಟ್ಟಿರುವ ಹೊತ್ತಿನಲ್ಲಿ ಅದು ನಿಧಾನವಾಗಿ ತಿರುಗುತ್ತಿದ್ದರೆ ಎಲ್ಲೋ ಸೋರುತ್ತಿದೆ. ಹೆಚ್ಚಿನ ಸಲ ತಪ್ಪು ಸಂಪಿನ ಬಾಲ್ ವಾಲ್ವಿನದೇ: ವಾಷರ್ ಸವೆದು ನೀರು ಓವರ್‌ಫ್ಲೋ ಪೈಪಿನಿಂದ ಮೋರಿಗೆ ಹರಿಯುತ್ತಿರುತ್ತದೆ. ನಿಮಿಷಕ್ಕೆ ಅರ್ಧ ಲೀಟರ್ ಸೋರಿದರೂ, ದಿನಕ್ಕೆ ಎರಡು ಗಂಟೆ ನೀರು ಬಿಡುವ ಕಡೆ ತಿಂಗಳಿಗೆ 1,800 ಲೀಟರ್. ಆ ನೀರು ಯುಜಿಡಿ ಮುಟ್ಟಿಯೇ ಇಲ್ಲ, ಆದರೂ ಅದಕ್ಕೆ ಸ್ಯಾನಿಟರಿ ಬೀಳುತ್ತದೆ. ವಾಷರ್ ಬದಲಿಸುವುದು ಹತ್ತು ನಿಮಿಷದ ಕೆಲಸ.

ಮೀಟರ್ ನಿಂತಿದ್ದರೆ ಅಥವಾ ಗೇಟಿಗೆ ಬೀಗ ಇದ್ದರೆ ಹಿಂದಿನ ತಿಂಗಳುಗಳ ಸರಾಸರಿ ಹಿಡಿದು ಬಿಲ್ ಹಾಕುತ್ತಾರೆ. ರೀಡಿಂಗ್ ನಡುವಿನ ದಿನಗಳನ್ನೂ ಎಣಿಸಿ. ದಿನಕ್ಕೆ 800 ಲೀಟರ್ ಬಳಸುವ ಮನೆಗೆ 30 ದಿನಕ್ಕೆ 24 ಸಾವಿರ, 11 ರೂಪಾಯಿಯ ಸ್ಲ್ಯಾಬಿನೊಳಗೇ ಮುಗಿಯುತ್ತದೆ. ಅದೇ ರೀಡಿಂಗ್ 35 ದಿನಕ್ಕೆ ತೆಗೆದರೆ 28 ಸಾವಿರ. ದಿನ ನೋಡದೆ ಒಂದೇ ತಿಂಗಳೆಂದು ಲೆಕ್ಕ ಹಾಕಿದರೆ ಮೇಲಿನ 3 ಸಾವಿರಕ್ಕೆ 26ರ ದರ. ಹಳೆಯ ದರದಲ್ಲಿ ನೀರಿಗೆ 45, ಸ್ಯಾನಿಟರಿಗೆ 11 ರೂಪಾಯಿ 25 ಪೈಸೆ ಸುಮ್ಮನೆ ಹೋಯಿತು. ಪ್ರತಿ ತಿಂಗಳು ಒಂದೇ ತಾರೀಖಿಗೆ ಮೀಟರಿನ ಫೋಟೊ ತೆಗೆದಿಟ್ಟುಕೊಂಡವರ ದೂರು ಬೇಗ ತೀರುತ್ತದೆ, ಬಾಯಿಮಾತಿನದು ಎಳೆಯುತ್ತದೆ.

ಮಹಡಿ ಮೇಲೆ ಮಹಡಿ ಕಟ್ಟಿ ಬಾಡಿಗೆಗೆ ಕೊಟ್ಟಿರುವ ಮನೆಗಳು ಇದನ್ನು ಗಮನಿಸಬೇಕು. ಮೂರು ಸಂಸಾರ, ತಲಾ 20 ಸಾವಿರ, ಒಟ್ಟು 60 ಸಾವಿರ ಲೀಟರ್. ಬೇರೆ ಬೇರೆ ಸಂಪರ್ಕವಿದ್ದರೆ ಮೇಲಿನ ಲೆಕ್ಕದಂತೆ ನೀರಿಗೆ 564, ಸ್ಯಾನಿಟರಿಗೆ 141. ಒಂದೇ ಮನೆಯೆಂದು ಲೆಕ್ಕ ಹಾಕಿದರೆ 56, 187, 650, 450 ಸೇರಿ 1,343, ಸ್ಯಾನಿಟರಿ 335 ರೂಪಾಯಿ 75 ಪೈಸೆ. ಅದೇ ಜನ, ಅದೇ ಕೊಳಚೆ, ಶುಲ್ಕ ಎರಡೂಕಾಲು ಪಟ್ಟಿಗಿಂತ ಹೆಚ್ಚು. ದಾಖಲೆಯಲ್ಲಿ ನಿಮ್ಮ ಕಟ್ಟಡಕ್ಕೆ ಎಷ್ಟು ಮನೆ ಅಂತ ನಮೂದಾಗಿದೆ, ಬೇರೆ ಸಂಪರ್ಕ ಸಿಗುತ್ತದೆಯೇ ಅಂತ ಉಪವಿಭಾಗದಲ್ಲಿ ವಿಚಾರಿಸಿ.

ಸೇವೆಯ ಗುಣಮಟ್ಟ ಹೇಗಿದೆ ಅಂದರೆ, ಬಿಸಿಲು ಇರುವ ತಿಂಗಳುಗಳಲ್ಲಿ ಚೆನ್ನಾಗಿದೆ, ಮಳೆ ಬಂದಾಗ ಕೆಡುತ್ತದೆ. ಕಾರಣದಲ್ಲಿ ನಮ್ಮ ಮನೆಗಳ ಪಾಲು ದೊಡ್ಡದು. ತಾರಸಿಯ ಮಳೆನೀರಿನ ಪೈಪನ್ನು ಮೋರಿಗೆ ಬಿಡುವ ಬದಲು ಹತ್ತಿರವಿದೆ ಅಂತ ಯುಜಿಡಿ ಛೇಂಬರಿಗೇ ಜೋಡಿಸಿರುವ ಮನೆಗಳು ಬೀದಿಬೀದಿಯಲ್ಲಿವೆ. ಲೆಕ್ಕ ನೋಡಿ: ತಲಾ 135 ಲೀಟರಿನಂತೆ ನಾಲ್ಕು ಜನರ ಮನೆ ದಿನಕ್ಕೆ ಹೊರಬಿಡುವ ಕೊಳಚೆ ಸುಮಾರು 432 ಲೀಟರ್. ನೂರು ಚದರ ಮೀಟರ್ ತಾರಸಿಯ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ 5 ಸಾವಿರ ಲೀಟರ್. ಹನ್ನೊಂದು ದಿನದ ಕೊಳಚೆಗೂ ಮೀರಿದ ನೀರು ಒಂದೆರಡು ಗಂಟೆಯಲ್ಲಿ ಆರಿಂಚಿನ ಪೈಪಿಗೆ ನುಗ್ಗುತ್ತದೆ. ಹಾಗೆ ಇಪ್ಪತ್ತು ಮನೆ ಮಾಡಿದರೆ ತಗ್ಗಿನಲ್ಲಿರುವ ಮನೆಯ ಕಮೋಡಿನಿಂದ ಕೊಳಚೆ ಉಕ್ಕುವುದರಲ್ಲಿ ಆಶ್ಚರ್ಯವೇನಿದೆ? ಈ ಜೋಡಣೆಗೆ ಅನುಮತಿ ಇಲ್ಲ. ಪ್ಲಂಬರ್ ಕರೆಸಿ, ತಾರಸಿಯ ಮೂಲೆಗೆ ಒಂದು ಬಕೆಟ್ ಬಣ್ಣದ ನೀರು ಸುರಿದು ಛೇಂಬರಿನ ಮುಚ್ಚಳ ತೆರೆದು ನೋಡಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಪೈಪನ್ನು ಬಿಡಿಸಿ ಇಂಗುಗುಂಡಿಗೋ ಸಂಪಿಗೋ ತಿರುಗಿಸಿ. 60×40 ಅಡಿ ಸೈಟಿನ ಹಳೆಯ ಮನೆಗಳಿಗೆ, 30×40ರ ಹೊಸ ಮನೆಗಳಿಗೆ ಮಳೆನೀರು ಕೊಯ್ಲು ಕಡ್ಡಾಯ. ಮಾಡಿಸದಿದ್ದರೆ ದಂಡವೂ ಇದೇ ಬಿಲ್ಲಿನಲ್ಲಿ ಬರುತ್ತದೆ.

ಮನೆಯೊಳಗಿನ ಪೈಪು ಕಟ್ಟಿಕೊಳ್ಳುವುದಕ್ಕೆ ಎರಡೇ ಕಾರಣ ಪದೇಪದೇ ಸಿಗುತ್ತವೆ: ಅಡುಗೆಮನೆಯ ಜಿಡ್ಡು, ಮತ್ತು ಪ್ಯಾಡ್, ವೆಟ್ ವೈಪ್‌ಗಳು. ಬಿಸಿ ಎಣ್ಣೆ ಸಿಂಕಿಗೆ ಸುರಿದಾಗ ಹರಿದು ಹೋದಂತೆ ಕಾಣುತ್ತದೆ, ನಾಲ್ಕು ಅಡಿ ಆಚೆ ತಣ್ಣಗಾಗಿ ಪೈಪಿನ ಒಳಮೈಗೆ ಮೇಣದ ಹಾಗೆ ಮೆತ್ತುತ್ತದೆ. ಇಳಿಜಾರು ಸಾಲದಿದ್ದರೂ ಅದೇ ಗತಿ. ನಾಲ್ಕಿಂಚಿನ ಪೈಪಿಗೆ 40 ಅಡಿಗೆ ಒಂದು ಅಡಿ, ಆರಿಂಚಿಗೆ 60 ಅಡಿಗೆ ಒಂದು ಅಡಿ ಇಳಿಜಾರು ಇರಬೇಕು. ರಸ್ತೆಯ ಮ್ಯಾನ್‌ಹೋಲ್ ತುಂಬಿ ನಿಂತಿದ್ದರೆ ಅದು ಮಂಡಳಿಯ ಕೆಲಸ, 1916ಕ್ಕೆ ದೂರು ಕೊಡಿ, ಜೆಟ್ಟಿಂಗ್ ಯಂತ್ರ ಬರುತ್ತದೆ. ಮ್ಯಾನ್‌ಹೋಲ್ ಖಾಲಿ ಇದ್ದು ನಿಮ್ಮ ಛೇಂಬರ್ ಮಾತ್ರ ತುಂಬಿದ್ದರೆ ಪೈಪ್ ನಿಮ್ಮದು. ಯಾವ ಕಾರಣಕ್ಕೂ ಮನುಷ್ಯರನ್ನು ಗುಂಡಿಗೆ ಇಳಿಸಬೇಡಿ. ಅದು 2013ರ ಮಲಹೊರುವ ಪದ್ಧತಿ ನಿಷೇಧ ಕಾಯ್ದೆಯಂತೆ ಅಪರಾಧ, ಒಳಗಿನ ವಿಷಗಾಳಿ ಪ್ರಾಣ ತೆಗೆಯುತ್ತದೆ.

ಅಪಾರ್ಟ್‌ಮೆಂಟುಗಳದು ಬೇರೆಯೇ ಕಥೆ. ಸ್ವಂತ ಎಸ್‌ಟಿಪಿ ನಡೆಸುವ ಸಮುಚ್ಚಯ ಬ್ಲೋವರ್ ಕರೆಂಟು, ಆಪರೇಟರ್ ಸಂಬಳ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ, ನೀರಿನ ಪರೀಕ್ಷೆ ಎಲ್ಲದಕ್ಕೂ ದುಡ್ಡು ಹಾಕಿದ ಮೇಲೂ ಕಾವೇರಿ ಬಿಲ್ಲಿನಲ್ಲಿ ಸ್ಯಾನಿಟರಿ ಬಂದರೆ ಒಂದೇ ಕೆಲಸಕ್ಕೆ ಎರಡು ಸಲ ಕೊಟ್ಟಂತೆ. ಶುದ್ಧ ಮಾಡಿ ಮರುಬಳಸಿದ ನೀರಿಗೆ ಶುಲ್ಕದಲ್ಲಿ ವಿನಾಯಿತಿ ಇರಲೇಬೇಕು ಅನ್ನುವುದು ಈ ವಿಮರ್ಶೆಯ ಗಟ್ಟಿ ಅಭಿಪ್ರಾಯ. ಸದ್ಯಕ್ಕೆ ಕೈಯಲ್ಲಿರುವ ದಾರಿ ಅಂದರೆ ಡ್ಯುಯಲ್ ಪೈಪಿಂಗ್, ಅಂದರೆ ಶುದ್ಧ ಮಾಡಿದ ನೀರನ್ನು ಬೇರೆ ಪೈಪಿನಲ್ಲಿ ಫ್ಲಶ್‌ಗೆ ಕೊಡುವುದು. ಫ್ಲಶ್‌ಗೆ ತಲಾ 45 ಲೀಟರ್ ಹಿಡಿದರೆ, 50 ಮನೆಯ 200 ಜನರಿಗೆ ದಿನಕ್ಕೆ 9 ಸಾವಿರ, ತಿಂಗಳಿಗೆ 2 ಲಕ್ಷ 70 ಸಾವಿರ ಲೀಟರ್ ಹೊಸ ನೀರು ಉಳಿಯುತ್ತದೆ. ನೀರಿನ ಮೊತ್ತ ಇಳಿದಂತೆ ಸ್ಯಾನಿಟರಿಯೂ ಇಳಿಯುತ್ತದೆ. ಆದರೆ ಕರೆಂಟ್ ಉಳಿಸಲು ರಾತ್ರಿಯಿಡೀ ಬ್ಲೋವರ್ ಆಫ್ ಮಾಡಿದರೆ ಕೆಲಸ ಕೆಟ್ಟಿತು. ಗಾಳಿ ಇಲ್ಲದೆ ಬ್ಯಾಕ್ಟೀರಿಯಾ ಸಾಯುತ್ತವೆ, ಬೆಳಿಗ್ಗೆ ಫ್ಲಶ್ ಟ್ಯಾಂಕಿನಲ್ಲಿ ಕೊಳೆತ ಮೊಟ್ಟೆಯ ವಾಸನೆ, ನಿವಾಸಿಗಳು ಆ ನೀರೇ ಬೇಡ ಅನ್ನುತ್ತಾರೆ.

ಬೇರೆ ಊರುಗಳ ಲೆಕ್ಕದಿಂದ ಕಲಿಯುವುದಿದೆ. ಸಿಂಗಪುರದಲ್ಲಿ ಮೊದಲು ಮನೆಯಲ್ಲಿ ಎಷ್ಟು ಕಮೋಡ್ ಇವೆ ಅಂತ ಎಣಿಸಿ ಒಂದು ಶುಲ್ಕ ಹಾಕುತ್ತಿದ್ದರು. 2017ರ ಜುಲೈನಲ್ಲಿ ಅದನ್ನು ತೆಗೆದು, ಪೂರ್ತಿ ನೀರಿನ ಬಳಕೆಯ ಮೇಲಿನ ಶುಲ್ಕಕ್ಕೇ ಸೇರಿಸಿದರು. ಅಮೆರಿಕದ ಆಸ್ಟಿನ್‌ನಂಥ ಊರುಗಳಲ್ಲಿ ಚಳಿಗಾಲದ ಬಳಕೆಯ ಸರಾಸರಿ ಹಿಡಿದು ವರ್ಷವಿಡೀ ಕೊಳಚೆ ಶುಲ್ಕ ನಿಗದಿ ಮಾಡುತ್ತಾರೆ. ಬೇಸಿಗೆಯಲ್ಲಿ ಗಿಡಕ್ಕೆ ಹಾಕಿದ ನೀರು ಚರಂಡಿಗೆ ಹೋಗುವುದಿಲ್ಲ ಅನ್ನುವ ಸರಳ ನ್ಯಾಯ ಅದರಲ್ಲಿದೆ. ನಮ್ಮಲ್ಲಿ ತೋಟಕ್ಕೆ ಬಿಟ್ಟ ನೀರಿಗೂ ಕಾಲು ಭಾಗ ಬೀಳುತ್ತದೆ.

ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ಕೇಳುವವರು ನಗರದ ಕಣಿವೆಗಳನ್ನು ನೋಡಬೇಕು. ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ, ಹೆಬ್ಬಾಳ ಕಣಿವೆಗಳಲ್ಲಿ ದೊಡ್ಡ ಎಸ್‌ಟಿಪಿಗಳಿವೆ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಯೋಜನೆಯ ಗಾತ್ರ ದಿನಕ್ಕೆ 44 ಕೋಟಿ ಲೀಟರ್. ಅಡುಗೆಮನೆಯಲ್ಲಿ ಸುರಿದ ಎಣ್ಣೆ, ಫ್ಲಶ್ ಮಾಡಿದ ಪ್ಲಾಸ್ಟಿಕ್ ಹೋಗಿ ತಗಲುವುದು ಅಲ್ಲಿನ ಜಾಲರಿಗಳಿಗೆ. ಕೋಲಾರದ ರೈತರ ಕೆರೆಗೆ ಬರುವ ನೀರಿನ ಗುಣಮಟ್ಟದಲ್ಲಿ ಬೆಂಗಳೂರಿನ ಪ್ರತಿ ಸಿಂಕಿನ ಪಾಲಿದೆ.

ಅಂಕ ಕೊಡುವುದಾದರೆ, ಬೆಲೆಗೆ ಐದಕ್ಕೆ ನಾಲ್ಕೂವರೆ, ಲೆಕ್ಕದ ನ್ಯಾಯಕ್ಕೆ ಎರಡು, ಮಳೆಗಾಲದ ಸೇವೆಗೆ ಎರಡೂವರೆ. ಬಿಲ್ಲಿನ ತಕರಾರಿಗೆ ಮೊದಲು ಉಪವಿಭಾಗ, ಅಲ್ಲಿ ಆಗದಿದ್ದರೆ ಮಂಡಳಿ ದೂರು ಕೇಳಲು ನಡೆಸುವ ನೀರಿನ ಅದಾಲತ್. ಹೋಗುವಾಗ ಆರ್‌ಆರ್ ನಂಬರ್ (ಬಿಲ್ಲಿನ ಮೇಲಿರುವ ಸಂಪರ್ಕದ ಸಂಖ್ಯೆ), ಹಿಂದಿನ ಆರು ತಿಂಗಳ ಬಿಲ್, ಮೀಟರ್ ಫೋಟೊಗಳು, ಪಾವತಿಯ ರಸೀದಿ ಜೊತೆಗಿರಲಿ. ತಕರಾರು ನಡೆಯುತ್ತಿರುವಾಗ ಬಿಲ್ ಪೂರ್ತಿ ನಿಲ್ಲಿಸಬೇಡಿ, ಬಾಕಿಗೆ ಬಡ್ಡಿ ಸೇರುತ್ತದೆ. ಒಪ್ಪುವ ಮೊತ್ತವನ್ನು ಕಟ್ಟಲು ಲಿಖಿತ ಅನುಮತಿ ಕೇಳಿ, ಕಟ್ಟಿ, ಉಳಿದದ್ದಕ್ಕೆ ಅರ್ಜಿ ಹಾಕಿ. ಹಳೆಯ ಮನೆ ಕೊಳ್ಳುವವರು ಕ್ರಯಪತ್ರಕ್ಕೆ ಮುಂಚೆ ನೀರಿನ ಬಾಕಿಯ ಜೊತೆ ಯುಜಿಡಿ ಸಂಪರ್ಕ ಮಂಜೂರಾದ ಕಾಗದವನ್ನೂ ಕೇಳಿ ಪಡೆಯಿರಿ. ಅನಧಿಕೃತ ಸಂಪರ್ಕ ಸಿಕ್ಕಿಬಿದ್ದಾಗ ದಂಡ ಬರುವುದು ಆಗ ಮನೆಯಲ್ಲಿರುವವರ ಹೆಸರಿಗೆ.