ಜಾಮ್ ಥರ್ಮಾಮೀಟರ್: 105ರ ಗುರುತು ಬೆಂಗಳೂರಿಗಲ್ಲ

ಮಾರ್ಮಲೇಡ್, ಅಂದರೆ ಕಿತ್ತಳೆಯನ್ನು ಸಿಪ್ಪೆ ಸಮೇತ ಹಾಕಿ ಮಾಡುವ ಜಾಮ್, ಮಾಡುವುದರಲ್ಲಿ ಹೊಸಬರನ್ನು ಕಾಡುವುದು ಒಂದೇ ಪ್ರಶ್ನೆ: ಒಲೆ ಯಾವಾಗ ಆರಿಸಬೇಕು? ಬೇಗ ಆರಿಸಿದರೆ ಷರಬತ್ತು, ತಡವಾದರೆ ಮಿಠಾಯಿ. ಇದಕ್ಕೆಂದೇ ಆನ್‌ಲೈನಿನಲ್ಲಿ 600 ರೂಪಾಯಿ ಚಿಲ್ಲರೆಗೆ ಒಂದು ಸ್ಟೀಲ್ ಥರ್ಮಾಮೀಟರ್ ತರಿಸಿದೆ. ದುಂಡು ಮುಖ, ಉದ್ದ ಕಡ್ಡಿ, ಪಾತ್ರೆಯ ಅಂಚಿಗೆ ಸಿಕ್ಕಿಸಲು ಕ್ಲಿಪ್. ಅಂಕಿಗಳು 40ರಿಂದ 200 ಡಿಗ್ರಿವರೆಗೆ. 105ರ ಹತ್ತಿರ ‘ಜಾಮ್’ ಎಂದು ಕೆಂಪು ಗುರುತು.

ಅತ್ತೆ ಅದನ್ನು ನೋಡಿ, “ಏನೇ, ಪಾಕಕ್ಕೂ ಜ್ವರ ನೋಡ್ತೀಯಾ?” ಎಂದರು. ಒಂದೆಳೆ ಪಾಕವನ್ನು ಎರಡು ಬೆರಳಲ್ಲೇ ಹೇಳುವವರು ಅವರು. ಆದರೆ ಮಾರ್ಮಲೇಡಿಗೆ ಎಳೆ ನೋಡಿದರೆ ಸಾಲದು. ಸಿಪ್ಪೆಯ ಬಿಳಿ ಭಾಗದಲ್ಲೂ ಬೀಜದಲ್ಲೂ ಇರುವ ಪೆಕ್ಟಿನ್ ಎಂಬ ಅಂಟಿನ ಅಂಶ, ಹಣ್ಣಿನ ಹುಳಿ, ಸಕ್ಕರೆ ಮೂರೂ ಸರಿಯಾಗಿ ಕೂಡಿದರೆ ಮಾತ್ರ ಅದು ಹೆಪ್ಪುಗಟ್ಟುತ್ತದೆ. ಅದೂ ಆರಿದ ಮೇಲೆ. ಕುದಿಯುವಾಗ ನೀರುನೀರಾಗಿಯೇ ಕಾಣುತ್ತದೆ, ಅದಕ್ಕೇ ಕೈ ನಡುಗುವುದು.

ಈಗ ಆ ಕೆಂಪು ಗುರುತಿನ ವಿಷಯ. ನನ್ನ ದೊಡ್ಡ ತಕರಾರು ಇದೇ. ನೀರು 100ಕ್ಕೆ ಕುದಿಯುವ ಕಡೆ ಮಾರ್ಮಲೇಡ್ 104–105ಕ್ಕೆ ಹದಕ್ಕೆ ಬರುತ್ತದೆ. ಮಂಗಳೂರಿನವರು ಗುರುತನ್ನು ನಂಬಬಹುದು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ನೀರು 97ರ ಆಸುಪಾಸಲ್ಲೇ ಕುದಿಯುತ್ತದೆ. ಹಾಗಾಗಿ ನಮ್ಮ ಹದ 101–102. ಸುಮ್ನೆ 105ರವರೆಗೆ ಕಾಯುತ್ತಾ ಕೂತರೆ ನೀರು ಜಾಸ್ತಿ ಆವಿಯಾಗಿ, ಬಣ್ಣ ಕಂದಾಗಿ, ಬಾಟಲಿಯಿಂದ ಚಮಚ ಏಳುವುದಿಲ್ಲ. ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿಯಷ್ಟು ಕೆಳಗೆ. ಜೊತೆಗೆ ಬಂದ ಚೀಟಿಯಲ್ಲಿ ಇದರ ಸುದ್ದಿಯೇ ಇಲ್ಲ.

ಪರಿಹಾರ ಸುಲಭ. ಮೊದಲು ಬರೀ ನೀರು ಕುದಿಸಿ ಕಡ್ಡಿ ಇಳಿಬಿಡಿ. ಮುಳ್ಳು ಎಲ್ಲಿ ನಿಲ್ಲುತ್ತದೋ ಅದಕ್ಕೆ ನಾಲ್ಕೂವರೆ ಡಿಗ್ರಿ ಸೇರಿಸಿ. ನನ್ನದು 98 ತೋರಿಸಿತು, ಅಂದರೆ ನನ್ನ ಗುರುತು 102.5. ಊರಿನ ಎತ್ತರವೂ ಯಂತ್ರದ ಸಣ್ಣಪುಟ್ಟ ತಪ್ಪೂ ಇದರಲ್ಲೇ ಸರಿಹೋಗುತ್ತವೆ.

ನಾನು ಮಾಡಿದ್ದು ಅರ್ಧ ಕಿಲೋ ಕೊಡಗಿನ ಕಿತ್ತಳೆ, ಒಂದು ಹೇರಳೆಕಾಯಿ, ಎರಡು ನಿಂಬೆಹಣ್ಣಿನಲ್ಲಿ. ಬರೀ ಕಿತ್ತಳೆ ಸಾಲದು. ಅದರ ಸಿಪ್ಪೆ ತೆಳು, ಹುಳಿಯೂ ಕಡಿಮೆ. ಇಂಗ್ಲೆಂಡಿನವರು ಬಳಸುವ ಸೆವಿಲ್ ಕಿತ್ತಳೆಯ ಕಹಿ, ಹುಳಿ ನಮಗೆ ಹೇರಳೆಯಿಂದ ಸಿಗುತ್ತದೆ. ಕಿತ್ತಳೆ ಸಿಪ್ಪೆ ಗೊಜ್ಜು ತಿಂದವರಿಗೆ ಆ ಕಹಿ ಹೊಸದೇನಲ್ಲ, ಅಲ್ವಾ? ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ, ರಸ ಹಿಂಡಿ, ಬೀಜ ಮತ್ತು ನಾರನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ಒಂದೂಕಾಲು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿದೆ. ಬೆಳಿಗ್ಗೆ ಸಿಪ್ಪೆ ಬೆರಳಲ್ಲಿ ಹಿಸುಕಿದರೆ ನುರಿಯುವಷ್ಟು ಬೇಯಿಸಿದೆ. ಇಲ್ಲಿ ಅವಸರ ಬೇಡವೇ ಬೇಡ, ಸಕ್ಕರೆ ಬಿದ್ದ ಮೇಲೆ ಸಿಪ್ಪೆ ಮೆತ್ತಗಾಗುವುದಿಲ್ಲ. ಗಂಟನ್ನು ಚೆನ್ನಾಗಿ ಹಿಂಡಿ ತೆಗೆದು, 800 ಗ್ರಾಂ ಸಕ್ಕರೆ ಹಾಕಿ ಕರಗಿಸಿ, ಆಮೇಲೆ ಉರಿ ಜೋರು ಮಾಡಿದೆ.

ಥರ್ಮಾಮೀಟರಿನ ನಿಜವಾದ ಉಪಕಾರ ಈಗ. ಮುಳ್ಳು 99, 100ರಲ್ಲಿ ಬಹಳ ಹೊತ್ತು ಅಲ್ಲಾಡದೆ ಕೂರುತ್ತದೆ. ಕೊನೆಯ ಎರಡು ಡಿಗ್ರಿ ಸರಸರನೆ ಏರುತ್ತದೆ. ಅಲ್ಲಿವರೆಗೆ ಬಾಟಲಿ ಕಾಯಿಸುವ ಕೆಲಸ ಮುಗಿಸಿಕೊಳ್ಳಬಹುದು. ಮುಳ್ಳು ಗುರುತಿಗೆ ಬಂದ ಕೂಡಲೇ ಒಲೆ ಆರಿಸಿ, ಫ್ರೀಜರಿನಲ್ಲಿಟ್ಟ ತಟ್ಟೆಗೆ ಒಂದು ತೊಟ್ಟು ಹಾಕಿದೆ. ಅರೆ ನಿಮಿಷ ಬಿಟ್ಟು ಬೆರಳಲ್ಲಿ ತಳ್ಳಿದರೆ ಮೇಲೆ ಸುಕ್ಕು ಕಟ್ಟಿತು. ಹತ್ತು ನಿಮಿಷ ಆರಲು ಬಿಟ್ಟು ತುಂಬಿಸಿದ್ದರಿಂದ ಸಿಪ್ಪೆ ಮೇಲೆ ತೇಲದೆ ಎಲ್ಲ ಕಡೆ ಹರಡಿ ನಿಂತಿತು.

ಇನ್ನೊಂದು ತೊಂದರೆ ಇದೆ. ಕಡ್ಡಿಯ ಕೆಳಗಿನ ಐದು ಸೆಂಟಿಮೀಟರ್ ಪೂರ್ತಿ ಮುಳುಗಬೇಕು, ತಳಕ್ಕೂ ತಾಗಬಾರದು. ಮಾರ್ಮಲೇಡಿಗೆ ಅಗಲ ಪಾತ್ರೆ ಒಳ್ಳೆಯದು, ನೀರು ಬೇಗ ಆವಿಯಾಗುತ್ತದೆ. ಆದರೆ ಇಷ್ಟು ಸಣ್ಣ ಅಳತೆಗೆ ಅಗಲ ಪಾತ್ರೆಯಲ್ಲಿ ಆ ಆಳ ಎಲ್ಲಿಂದ ಬರಬೇಕು? ಮುಚ್ಚಳವಿಲ್ಲದ ಐದು ಲೀಟರ್ ಕುಕ್ಕರಿನಲ್ಲಿ ಮಾಡಿದೆ. ಅದರ ದಪ್ಪ ಅಂಚಿಗೆ ಕ್ಲಿಪ್ ಕೂರಲಿಲ್ಲ. ಬಟ್ಟೆ ಸುತ್ತಿ ಕೈಯಲ್ಲೇ ಹಿಡಿಯಬೇಕಾಯಿತು. ಹಬೆಗೆ ಗಾಜೂ ಮಂಜಾಗುತ್ತದೆ.

ಐದಕ್ಕೆ ಮೂರು ಕೊಡುತ್ತೇನೆ. ಎರಡು ಕಿಲೋ ಹಣ್ಣು ಹಾಕುವವರು ಧಾರಾಳವಾಗಿ ಕೊಳ್ಳಿ. ನನ್ನ ಹಾಗೆ ಮೂರು ನಾಲ್ಕು ಬಾಟಲಿಯಷ್ಟೇ ಮಾಡುವವರು ಇನ್ನೂ ಸ್ವಲ್ಪ ದುಡ್ಡು ಹಾಕಿ, ತುದಿಯಲ್ಲೇ ಶಾಖ ಅಳೆಯುವ ಡಿಜಿಟಲ್ ಥರ್ಮಾಮೀಟರ್ ತರಿಸುವುದು ಮೇಲು.