ಸೋತವರ ಪಂದ್ಯಗಳಿಗಾಗಿ ಕಟ್ಟಿದ ಚಂದಾ

ಹಳೆಯ ವೃತ್ತಿಪರ ಬಾಕ್ಸಿಂಗ್ ಪಂದ್ಯಗಳನ್ನು ಮೊಬೈಲ್ ಮತ್ತು ಟಿವಿಯಲ್ಲಿ ತೋರಿಸುವ ಚಂದಾ ಸೇವೆಯೊಂದನ್ನು ನಾನು ಹನ್ನೊಂದು ತಿಂಗಳಿಂದ ಬಳಸುತ್ತಿದ್ದೇನೆ. ಚಾಂಪಿಯನ್ನರ ಪಂದ್ಯಗಳು ಎಲ್ಲಿ ಬೇಕಾದರೂ ಸಿಗುತ್ತವೆ. ನಾನು ಹಣ ಕಟ್ಟಿದ್ದು, ಹತ್ತು ಇಪ್ಪತ್ತು ಸೋಲುಗಳನ್ನು ಹೊತ್ತುಕೊಂಡೂ ತಮಗಿಂತ ಬಲಿಷ್ಠರ ಎದುರು ನಿಲ್ಲಲು ಹಿಂಜರಿಯದ ಬಾಕ್ಸರುಗಳನ್ನು ಮೊದಲ ಗಂಟೆಯಿಂದ ಕೊನೆಯ ಗಂಟೆಯವರೆಗೆ ನೋಡಬೇಕೆಂಬ ಆಸೆಯಿಂದ. ಆ ಮಟ್ಟಿಗೆ ಈ ಸೇವೆಯ ಭಂಡಾರ ಶ್ರೀಮಂತವಾಗಿಯೇ ಇದೆ. ಅದನ್ನು ಜೋಡಿಸಿ ಬಡಿಸುವ ರೀತಿ ಮಾತ್ರ ಬೇಸರ ತರಿಸುತ್ತದೆ.

ಮೊದಲ ತಕರಾರು ಮುಖಪುಟದ್ದು. ಪ್ರತಿ ಬಾಕ್ಸರನ ಚಿತ್ರದ ಕೆಳಗೆ ಗೆಲುವು, ಸೋಲು, ಡ್ರಾಗಳ ಸಂಖ್ಯೆಯನ್ನು ದಪ್ಪ ಅಕ್ಷರಗಳಲ್ಲಿ ಹಾಕಿ, ಒಮ್ಮೆಯೂ ಸೋಲದವರನ್ನು ಮೇಲಿನ ಸಾಲಿಗೆ ತಂದು, ಹೆಚ್ಚು ಸೋತವರನ್ನು ಬೆರಳು ನೋಯುವಷ್ಟು ಕೆಳಗೆ ತಳ್ಳಿದ್ದಾರೆ. 38 ಗೆಲುವು, 34 ಸೋಲು, 6 ಡ್ರಾಗಳ ಇಮ್ಯಾನ್ಯುಯೆಲ್ ಅಗಸ್ಟಸ್ ಆ ಪಾತಾಳದಲ್ಲಿದ್ದಾರೆ. ಕರೆ ಬಂದ ಕೆಲವೇ ದಿನಗಳಲ್ಲಿ ಎದುರಾಳಿಯ ಊರಿಗೇ ಹೋಗಿ ಆಡಿಬರುವ ಬಾಕ್ಸರನ ದಾಖಲೆ ಹೀಗಲ್ಲದೆ ಇನ್ನು ಹೇಗೆ ಇದ್ದೀತು ಎಂಬುದನ್ನು ಆ ಮೂರು ಅಂಕಿಗಳು ಹೇಳುವುದಿಲ್ಲ. 2000ದ ಅಕ್ಟೋಬರಿನಲ್ಲಿ ಡೆಟ್ರಾಯಿಟ್‌ನಲ್ಲಿ, ಒಮ್ಮೆಯೂ ಸೋಲದ ಚಾಂಪಿಯನ್ ಫ್ಲಾಯ್ಡ್ ಮೇವೆದರ್ ಎದುರು ಅವರು ಆಡಿದ ಪಂದ್ಯ ಇಲ್ಲಿ ಪೂರ್ತಿಯಾಗಿ ಸಿಗುತ್ತದೆ. ಒಂಬತ್ತನೆಯ ರೌಂಡಿನಲ್ಲಿ ಅವರ ಕಡೆಯವರೇ ಪಂದ್ಯ ನಿಲ್ಲಿಸಿದರು. ಆದರೆ ಅದಕ್ಕೆ ಮೊದಲು, ದಾರ ಕಟ್ಟಿದ ಗೊಂಬೆಯ ಹಾಗೆ ಕೈಕಾಲು ಜೋಲಾಡಿಸುತ್ತ, ಮೇವೆದರ್ ಅವರ ಲೆಕ್ಕಾಚಾರ ತಪ್ಪಿಸುತ್ತ, ಬೀಳುವ ಪ್ರತಿ ಪೆಟ್ಟಿಗೂ ಉತ್ತರ ಕೊಡಲು ಯತ್ನಿಸುವ ಅಗಸ್ಟಸ್ ಅವರನ್ನು ನೋಡಿದವರಿಗೆ, ತಾವು ಎದುರಿಸಿದವರಲ್ಲಿ ಅತ್ಯಂತ ಕಠಿಣ ವ್ಯಕ್ತಿಗಳ ಸಾಲಿನಲ್ಲಿ ಮೇವೆದರ್ ಮುಂದೆ ಇವರ ಹೆಸರನ್ನೇ ಏಕೆ ಹೇಳಿದರೆಂಬುದು ತಾನಾಗಿ ತಿಳಿಯುತ್ತದೆ.

ಎರಡನೆಯ ತಕರಾರು ಇದಕ್ಕಿಂತ ಗಂಭೀರವಾದುದು. ಪಂದ್ಯವನ್ನು ಚುರುಕುಗೊಳಿಸುವ ಹುಮ್ಮಸ್ಸಿನಲ್ಲಿ, ರೌಂಡುಗಳ ನಡುವಿನ ಒಂದು ನಿಮಿಷದ ವಿರಾಮವನ್ನು ಬಹಳಷ್ಟು ವಿಡಿಯೊಗಳಲ್ಲಿ ಕತ್ತರಿಸಿದ್ದಾರೆ. ಇದರ ನಷ್ಟ ಎಷ್ಟೆಂದು ನನಗೆ ಮನದಟ್ಟಾದದ್ದು 2002ರ ಮೇ 18ರಂದು ನಡೆದ ಮಿಕಿ ವಾರ್ಡ್ ಮತ್ತು ಆರ್ಟುರೋ ಗಾಟಿ ನಡುವಿನ ಮೊದಲ ಪಂದ್ಯವನ್ನು ನೋಡಿದಾಗ. ಆ ರಾತ್ರಿ ವಾರ್ಡ್ ಕಣಕ್ಕಿಳಿದದ್ದು 11 ಸೋಲುಗಳ ದಾಖಲೆಯೊಂದಿಗೆ. ಸತತ ನಾಲ್ಕು ಸೋಲುಗಳ ನಂತರ ಒಮ್ಮೆ ಬಾಕ್ಸಿಂಗನ್ನೇ ಬಿಟ್ಟು, ರಸ್ತೆಗೆ ಡಾಂಬರು ಹಾಕುವ ಕೆಲಸ ಮಾಡಿಕೊಂಡಿದ್ದು, ವರ್ಷಗಳ ಬಳಿಕ ಮರಳಿ ಬಂದವರು ಅವರು. ಒಂಬತ್ತನೆಯ ರೌಂಡಿನ ಆರಂಭದಲ್ಲೇ ಅವರ ಎಡಗೈಯ ಹುಕ್, ಅಂದರೆ ಮೊಣಕೈ ಬಾಗಿಸಿ ಪಕ್ಕದಿಂದ ಬೀಸುವ ಗುದ್ದು, ಗಾಟಿಯ ಬಲ ಪಕ್ಕೆಗೆ, ಯಕೃತ್ತು ಇರುವ ಜಾಗಕ್ಕೆ, ಬೀಳುತ್ತದೆ. ಅಲ್ಲಿ ಬಿದ್ದ ಗುದ್ದಿನ ನೋವು ತಲೆಗೆ ಬಿದ್ದ ಪೆಟ್ಟಿನಂತೆ ಮಂಕು ಕವಿಸುವುದಿಲ್ಲ; ಒಂದು ಕ್ಷಣ ತಡವಾಗಿ ಬಂದು, ಪ್ರಜ್ಞೆಯನ್ನು ಪೂರ್ತಿ ಉಳಿಸಿ, ಕಾಲುಗಳನ್ನು ಮಾತ್ರ ಕಿತ್ತುಕೊಳ್ಳುತ್ತದೆ. ಗಾಟಿ ಮುಖ ಕಿವುಚಿಕೊಂಡು ಮಂಡಿಯೂರುತ್ತಾರೆ, ರೆಫರಿ ಹತ್ತರವರೆಗೆ ಎಣಿಸಿ ಮುಗಿಸುವ ಮೊದಲು ಏಳುತ್ತಾರೆ, ಮತ್ತೆ ಪೆಟ್ಟು ತಿನ್ನುತ್ತಾರೆ. ರೆಫರಿ ಇನ್ನೇನು ನಿಲ್ಲಿಸಿಯೇಬಿಟ್ಟರು ಎನ್ನುವಾಗ, ಹೊಡೆದು ಹೊಡೆದು ಸುಸ್ತಾದ ವಾರ್ಡ್ ಮೇಲೆ ಗಾಟಿ ತಾವೇ ಎರಗುತ್ತಾರೆ. ನಾನು ಈ ಮೂರು ನಿಮಿಷಗಳನ್ನು ಎಷ್ಟು ಸಲ ನೋಡಿದ್ದೇನೆಂದು ಹೇಳಿಕೊಳ್ಳಲು ಸಂಕೋಚವಾಗುತ್ತದೆ.

ಆದರೆ ಇದರ ಬೆನ್ನಿಗೇ ಕತ್ತರಿ ಬೀಳುತ್ತದೆ. ಆ ವಿರಾಮದಲ್ಲಿ ನಿಜಕ್ಕೂ ನಡೆದದ್ದೇನೆಂದರೆ, ಗಾಟಿಯ ತರಬೇತುದಾರ ಬಡ್ಡಿ ಮೆಗರ್ಟ್ ಪಂದ್ಯ ನಿಲ್ಲಿಸುವ ಯೋಚನೆಯಲ್ಲಿದ್ದರು. ಪಂದ್ಯ ಮುಗಿಯಿತೆಂದೇ ಭಾವಿಸಿ ವಾರ್ಡ್ ಕಡೆಯವರು ಸಂಭ್ರಮಿಸತೊಡಗಿದರು. ಅಷ್ಟರಲ್ಲಿ ಹತ್ತನೆಯ ರೌಂಡ್ ಇನ್ನೂ ಬಾಕಿ ಇದೆಯೆಂದು ತಿಳಿದು ಇಬ್ಬರೂ ಮತ್ತೆ ಮುಖಾಮುಖಿಯಾದರು. ಗೆದ್ದೆನೆಂದು ನಿಟ್ಟುಸಿರು ಬಿಟ್ಟ ದೇಹವನ್ನು ಇನ್ನೂ ಮೂರು ನಿಮಿಷಗಳಿಗೆ ಅಣಿಗೊಳಿಸುವುದು ಎಂತಹ ಕಷ್ಟವೆಂಬುದು ಆ ಅರವತ್ತು ಸೆಕೆಂಡುಗಳಲ್ಲಿದೆ. ಈ ಆ್ಯಪ್‌ನಲ್ಲಿ ಒಂಬತ್ತರ ಗಂಟೆ ಬಾರಿಸಿದೊಡನೆ ಹತ್ತರ ಗಂಟೆ ಬಾರಿಸುತ್ತದೆ. ಅಂಕಪಟ್ಟಿಯಲ್ಲಿ ಒಬ್ಬ ತೀರ್ಪುಗಾರ ಸಮ ಎಂದರೆ, ಉಳಿದಿಬ್ಬರು 1 ಮತ್ತು 2 ಅಂಕಗಳಿಂದ ವಾರ್ಡ್ ಗೆದ್ದರೆಂದರು. ಹತ್ತು ರೌಂಡುಗಳ ಪಂದ್ಯದಲ್ಲಿ ಬರುವ ಒಂಬತ್ತು ವಿರಾಮಗಳನ್ನು ಕಿತ್ತು ಉಳಿಸಿದ ಒಂಬತ್ತು ನಿಮಿಷಗಳಿಂದ ಯಾರಿಗೆ ಏನು ಸಿಕ್ಕಿತೆಂದು ನಾನು ಗ್ರಾಹಕ ಸೇವಾ ವಿಭಾಗಕ್ಕೆ ಬರೆದು ಕೇಳಿದ್ದೆ. ನನ್ನ ಅಭಿಪ್ರಾಯ ಅವರಿಗೆ ಅಮೂಲ್ಯವಂತೆ.

ಅದೇ ವರ್ಷದ ನವೆಂಬರಿನ ಎರಡನೆಯ ಪಂದ್ಯ ಮತ್ತು 2003ರ ಜೂನಿನ ಮೂರನೆಯ ಪಂದ್ಯ, ಅದೃಷ್ಟವಶಾತ್, ಕತ್ತರಿಯಿಲ್ಲದೆ ಸಿಗುತ್ತವೆ. ಎರಡರಲ್ಲೂ ವಾರ್ಡ್ ಸೋತರು; 38 ಗೆಲುವು, 13 ಸೋಲುಗಳೊಂದಿಗೆ ನಿವೃತ್ತರಾದರು. ಮೂರನೆಯದರಲ್ಲಿ ಗಾಟಿ ಬಲಗೈ ಮುರಿದುಕೊಂಡೂ ಆಟ ಮುಂದುವರಿಸಿದ್ದನ್ನು, ವಿರಾಮಗಳಲ್ಲಿ ಕ್ಯಾಮೆರಾ ಆ ಕೈಯ ಮೇಲೆಯೇ ನೆಟ್ಟಿರುವುದರಿಂದ, ಹೆಜ್ಜೆ ಹೆಜ್ಜೆಗೂ ಅರಿಯಬಹುದು. 2007ರಲ್ಲಿ ಗಾಟಿ ಆಡಿದ ಕೊನೆಯ ಪಂದ್ಯದಲ್ಲಿ ಅವರ ತರಬೇತುದಾರರಾಗಿ ನಿಂತವರು ಇದೇ ವಾರ್ಡ್. ಆ ವಿಡಿಯೊ ಕೂಡ ಇಲ್ಲಿದೆ, ಆದರೆ ಈ ನಂಟಿನ ಬಗ್ಗೆ ವಿವರಣೆಯಲ್ಲಿ ಒಂದು ಸಾಲೂ ಇಲ್ಲ.

ಧೈರ್ಯವೊಂದನ್ನೇ ನೋಡಿ ಎಲ್ಲವನ್ನೂ ಕೊಂಡಾಡುವುದು ನನಗೆ ಒಪ್ಪಿಗೆಯಿಲ್ಲ. ಮೆಕ್ಸಿಕೋದ ಒರ್ಲಾಂಡೋ ಸಾಲಿಡೋ 2014ರ ಮಾರ್ಚ್ 1ರಂದು, 12 ಸೋಲುಗಳನ್ನು ಹೊತ್ತು, ಎರಡು ಒಲಿಂಪಿಕ್ ಚಿನ್ನ ಗೆದ್ದಿದ್ದ ವಾಸಿಲ್ ಲೊಮಾಚೆಂಕೊ ಅವರನ್ನು ಅವರ ಎರಡನೆಯ ವೃತ್ತಿಪರ ಪಂದ್ಯದಲ್ಲೇ ಸೋಲಿಸಿದರು. ಈ ಪಂದ್ಯಕ್ಕೆ ಸೇವೆ ಕೊಟ್ಟಿರುವ ಪರಿಚಯ ಬರೀ ಹೊಗಳಿಕೆ. ತೂಕದ ಮಿತಿ 126 ಪೌಂಡ್ ಇದ್ದಾಗ ಸಾಲಿಡೋ 128¼ ತೂಗಿ ತಮ್ಮ ಪ್ರಶಸ್ತಿಯನ್ನು ತಕ್ಕಡಿಯಲ್ಲೇ ಕಳೆದುಕೊಂಡಿದ್ದರು ಎಂಬುದಾಗಲಿ, ಸೊಂಟದ ಕೆಳಗೆ ಬಿದ್ದ ಹೊಡೆತಗಳಿಗೆ ರೆಫರಿ ಒಂದು ಅಂಕವನ್ನೂ ಕಳೆಯಲಿಲ್ಲ ಎಂಬುದಾಗಲಿ ಅಲ್ಲಿಲ್ಲ. ಇಷ್ಟೆಲ್ಲ ತಿಳಿದ ಮೇಲೂ, ಕೊನೆಯ ರೌಂಡಿನಲ್ಲಿ ಬಸವಳಿದು ತೂರಾಡುತ್ತಿದ್ದ ಸಾಲಿಡೋ ಕೆಳಗೆ ಬೀಳದೆ ಉಳಿದದ್ದನ್ನು ನೋಡುವಾಗ ಮನಸ್ಸು ಅವರ ಕಡೆಗೇ ವಾಲುತ್ತದೆ ಎಂದು ಒಪ್ಪಿಕೊಳ್ಳಬೇಕು.

ಗ್ಲೆನ್ ಜಾನ್ಸನ್ ಅವರ ಪುಟ ಇಡೀ ಭಂಡಾರದಲ್ಲಿ ಅತ್ಯುತ್ತಮವಾಗಿದೆ. 1997ರಲ್ಲಿ ಬರ್ನಾರ್ಡ್ ಹಾಪ್ಕಿನ್ಸ್ ಎದುರಿನ ಸೋಲಿನಿಂದ ಹಿಡಿದು, 2004ರಲ್ಲಿ ಮಾಜಿ ಚಾಂಪಿಯನ್ ರಾಯ್ ಜೋನ್ಸ್ ಜೂನಿಯರ್ ಅವರನ್ನು ಒಂಬತ್ತನೆಯ ರೌಂಡಿನಲ್ಲಿ ನಾಕೌಟ್ ಮಾಡಿದ್ದು, ಆ ಡಿಸೆಂಬರಿನಲ್ಲೇ ಆಂಟೋನಿಯೊ ಟಾರ್ವರ್ ಅವರನ್ನು ಮಣಿಸಿದ್ದು, ಎಲ್ಲವೂ ಕಾಲಕ್ರಮದಲ್ಲಿವೆ. ಉಳಿದವರ ಪುಟಗಳನ್ನೂ ಹೀಗೆಯೇ ಜೋಡಿಸಿದ್ದರೆ ಈ ಬರಹ ಅರ್ಧದಷ್ಟಾಗುತ್ತಿತ್ತು.

ಚಿತ್ರದ ಗುಣಮಟ್ಟ ಮೂಲ ಪ್ರಸಾರದಷ್ಟಿದೆ, ಧ್ವನಿ ಸ್ಪಷ್ಟವಾಗಿದೆ, ವೀಕ್ಷಕ ವಿವರಣೆಯನ್ನು ಮುಚ್ಚಿ ಸಭಾಂಗಣದ ಸದ್ದನ್ನಷ್ಟೇ ಕೇಳುವ ಸೌಲಭ್ಯವಿಲ್ಲ. ಫಲಿತಾಂಶವನ್ನು ಶೀರ್ಷಿಕೆಯಲ್ಲೇ ಬಯಲು ಮಾಡುವ ಚಾಳಿಯನ್ನು ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಬಹುದು. ಖಾತೆ ತೆರೆದ ದಿನವೇ ಅದನ್ನು ಮಾಡಿಕೊಳ್ಳಿ.

ಐದರಲ್ಲಿ ಮೂರು ಅಂಕ ಕೊಡುತ್ತೇನೆ, ಚಂದಾ ಮುಂದುವರಿಸುತ್ತೇನೆ. ಬ್ರಿಟನ್ನಿನ ಪೀಟರ್ ಬಕ್ಲಿ 300 ಪಂದ್ಯಗಳನ್ನಾಡಿ 256ರಲ್ಲಿ ಸೋತವರು. ಮುಂದೆ ಚಾಂಪಿಯನ್ ಆದ ನಸೀಮ್ ಹಮೀದ್ ಅವರನ್ನು ಎರಡು ಸಲ ಎದುರಿಸಿದವರು. 2008ರ ಅಕ್ಟೋಬರ್ 31ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ಆಡಿದ ಮುನ್ನೂರನೆಯ ಹಾಗೂ ಕೊನೆಯ ಪಂದ್ಯವನ್ನು ಅವರು ಗೆದ್ದರು. ತಿಂಗಳಿಗೊಮ್ಮೆ ಹುಡುಕು ಪಟ್ಟಿಯಲ್ಲಿ ಅವರ ಹೆಸರು ಹಾಕಿ ನೋಡುತ್ತೇನೆ. ಈವರೆಗೆ ಹಮೀದ್ ಅವರ ಪುಟವೇ ತೆರೆದುಕೊಳ್ಳುತ್ತಿದೆ.